ನಾದ ಪೆಟ್ಟಿಗೆಯಲ್ಲಿಲ್ಲ

ಮನೆಯಲ್ಲಿ ಕೂತು ಹಾಡು ಕೇಳುವುದಕ್ಕೆ ಲಕ್ಷ ರೂಪಾಯಿಯ ಪೆಟ್ಟಿಗೆ ಬೇಕೆಂಬ ಹೊಸ ಶಾಸ್ತ್ರವೊಂದು ಬೆಂಗಳೂರಿನಿಂದ ನಮ್ಮ ಚಿಂತಾಮಣಿಯಂಥ ಊರುಗಳಿಗೂ ಬಂದಿದೆ. ಪೆಟ್ಟಿಗೆಯ ಹೆಸರು ಸ್ಟ್ರೀಮರ್. ಇಂಟರ್‌ನೆಟ್ಟಿನಿಂದ ಹಾಡನ್ನು ತರಿಸಿ ಆಂಪ್ಲಿಫೈಯರಿಗೆ ಒಪ್ಪಿಸುವುದು ಅದರ ಕೆಲಸ. ಕೈಲಿರುವ ಫೋನೂ ಆ ಕೆಲಸ ಮಾಡುತ್ತದೆ. ಆದರೂ ಈ ಪೆಟ್ಟಿಗೆಯ ಮೂಲಕ ಬಂದರೆ ಹಾಡಿಗೆ ಜೀವ ಬರುತ್ತದಂತೆ. ಅದಕ್ಕೆ ತಕ್ಕ ನೆಟ್‌ವರ್ಕ್ ವೈರು ಹಾಕಿದರೆ ಗಾಯಕಿ ಉಸಿರೆಳೆಯುವುದೂ ಕೇಳುತ್ತದಂತೆ. ಆ ವೈರಿಗೇ ಹತ್ತಾರು ಸಾವಿರ. ಇದನ್ನು ನಂಬಿ ಚೀಟಿ ಎತ್ತಿದ ಮನೆಗಳನ್ನು ನಾನು ಬಲ್ಲೆ. ತಿಂಗಳು ತಿಂಗಳು ಚೀಟಿ ಕಟ್ಟಿದವಳು ಮನೆಯಾಕೆ, ಎತ್ತಿಸಿದವರು ಯಜಮಾನರು. ಆದ್ದರಿಂದ ಇದು ಗಂಡಸರ ಹವ್ಯಾಸ, ನಮಗೇಕೆ ಎಂದು ನಾವು ಸುಮ್ಮನಿರುವ ಹಾಗಿಲ್ಲ.

ಟೇಪ್ ರೆಕಾರ್ಡರಿನ ಕಾಲದಲ್ಲಿ ಯಂತ್ರ ಕೆಟ್ಟರೆ ಹಾಡೂ ಕೆಡುತ್ತಿತ್ತು, ನಿಜ. 1978ರಲ್ಲಿ ಬಂದ 'ನಿತ್ಯೋತ್ಸವ' ಧ್ವನಿಸುರುಳಿಯನ್ನು ನೆನೆಯಿರಿ. ನಿಸಾರ್ ಅಹಮದರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯಲ್ಲಿ ಮನೆಮನೆಯ ಮಾತಾದವು. ಅಂಥ ಸುರುಳಿಯ ಪ್ರತಿಗೆ ಪ್ರತಿ ಮಾಡಿಸಿದರೆ ಪ್ರತಿಸಲವೂ 'ಸುಂಯ್' ಎನ್ನುವ ಸದ್ದು ಹೆಚ್ಚುತ್ತಿತ್ತು. ಹೆಡ್ಡಿಗೆ ಧೂಳು ಹಿಡಿದರೆ ಧ್ವನಿ ಮಂಕು. ಮೋಟಾರು ಸೋತರೆ ಶ್ರುತಿಯೇ ಇಳಿಯುತ್ತಿತ್ತು. ಒಳ್ಳೆಯ ಯಂತ್ರವೆಂದರೆ ಒಳ್ಳೆಯ ಧ್ವನಿ ಎಂಬ ಮಾತು ಹೀಗೆ ನಮ್ಮ ತಲೆಯಲ್ಲಿ ಕೂತಿತು. ಈಗಿನ ವ್ಯಾಪಾರ ನಡೆಯುತ್ತಿರುವುದು ಆ ಹಳೆಯ ನಂಬಿಕೆಯ ಮೇಲೆ.

ಡಿಜಿಟಲ್ ಹಾಡಿನ ಧರ್ಮವೇ ಬೇರೆ. ಅದೊಂದು ಅಂಕಿಗಳ ಪಟ್ಟಿ. 1982ರಲ್ಲಿ ಬಂದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು ಬರೆದಿರುತ್ತಾರೆ. ನಾವು ಶಾಲೆಯಲ್ಲಿ ಅಂಕಪಟ್ಟಿ ಬರೆಯುವುದಿಲ್ಲವೆ? 72 ಎಂಬುದನ್ನು ಅಗ್ಗದ ಪೆನ್ನಿನಲ್ಲಿ ಬರೆದರೂ 72, ಚಿನ್ನದ ನಿಬ್ಬಿನಲ್ಲಿ ಬರೆದರೂ 72. ನಡುವೆ ತಪ್ಪಿದರೆ ಕೊನೆಯ ಮೊತ್ತ ತಾಳೆಯಾಗುವುದಿಲ್ಲ. ಮತ್ತೆ ನೋಡಿ ತಿದ್ದುತ್ತೇವೆ. ಇಂಟರ್‌ನೆಟ್ಟಿನಲ್ಲಿ ಹಾಡು ಬರುವುದೂ ಹೀಗೆಯೇ. ಅದು ಸಣ್ಣ ಸಣ್ಣ ಕಟ್ಟುಗಳಾಗಿ ಬರುತ್ತದೆ. ಕಟ್ಟುಕಟ್ಟಿಗೂ ತಾಳೆ ನೋಡುವ ಲೆಕ್ಕವಿರುತ್ತದೆ. ತಾಳೆಯಾಗದ್ದನ್ನು ಯಂತ್ರವೇ ಮತ್ತೆ ತರಿಸಿಕೊಳ್ಳುತ್ತದೆ. ಅಗ್ಗದ ಫೋನಿನಿಂದ ಕಳುಹಿಸಿದ 500 ರೂಪಾಯಿ ದಾರಿಯಲ್ಲಿ ಸವೆದು 490 ಆಗಿ ತಲುಪುತ್ತದೆಯೆ?

'ಅಂಕಿ ಸರಿಯಮ್ಮ, ಬರುವ ಹೊತ್ತು ಏರುಪೇರಾದರೆ?' ಎಂದು ಅಂಗಡಿಯವರು ಕೇಳುತ್ತಾರೆ. ನಮ್ಮ ಬರಸೀಮೆಯ ಹೆಂಗಸರಿಗೆ ಇದರ ಉತ್ತರ ಹೇಳಿಕೊಡಬೇಕಾಗಿಲ್ಲ. ಬೀದಿಯಲ್ಲಿ ನೀರು ಬಿಡುವುದು ಯಾವಾಗಲೋ, ಟ್ಯಾಂಕರ್ ಬರುವುದು ಇನ್ನು ಯಾವಾಗಲೋ. ಬಂದದ್ದು ಸಂಪಿಗೆ ಬಿದ್ದು ಮೇಲಿನ ಟ್ಯಾಂಕಿಗೆ ಏರುತ್ತದೆ. ಅಡಿಗೆಮನೆಯ ನಲ್ಲಿ ಮಾತ್ರ ಒಂದೇ ಸಮನೆ ಸುರಿಯುತ್ತದೆ. ಹಾಡಿಗೂ ಯಂತ್ರದೊಳಗೆ ಇಂಥ ತೊಟ್ಟಿಯುಂಟು. ಅಂಕಿಗಳು ಅಲ್ಲಿ ತುಂಬಿಕೊಂಡು, ಒಳಗಿನ ಗಡಿಯಾರದ ಲೆಕ್ಕಕ್ಕೆ ಸರಿಯಾಗಿ ಹೊರಬರುತ್ತವೆ. ಬೀದಿಯಿಂದ ಸಂಪಿನವರೆಗೆ ಬೆಳ್ಳಿಯ ಪೈಪು ಹಾಕಿಸಿದರೆ ನಲ್ಲಿಯ ನೀರು ಸಿಹಿಯಾದೀತೆ?

ಹಾಗೆಂದು ಯಾವುದರಿಂದಲೂ ವ್ಯತ್ಯಾಸವಿಲ್ಲ ಎಂದರೆ ಅದೂ ಸುಳ್ಳೇ. ಡೇಟಾ ಉಳಿಸಲು ಹಾಡನ್ನು ಹಿಂಡಿ ಕಳುಹಿಸುವುದುಂಟು. ಸಿ.ಡಿ.ಯ ಹಾಡಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ತೀರಾ ಹಿಂಡಿದ್ದಕ್ಕೆ 96 ಸಾಕು, ಕೆಲವೊಮ್ಮೆ ಅದಕ್ಕೂ ಕಡಿಮೆ. ಅಷ್ಟು ಹಿಂಡಿದರೆ ತಂಬೂರಿಯ ಝೇಂಕಾರ, ತಾಳದ ಕಿಣಿಕಿಣಿ ಕಲಸಿಹೋಗುತ್ತವೆ. ಅದಕ್ಕೆ ಮದ್ದು ಆ್ಯಪಿನ ಸೆಟ್ಟಿಂಗಿನಲ್ಲಿದೆ. ಗುಣಮಟ್ಟವನ್ನು 'ಆಟೋಮ್ಯಾಟಿಕ್'ನಿಂದ ತೆಗೆದು 'ಹೈ' ಎಂದು ಒತ್ತಿದರಾಯಿತು. ಅಂಕಿಯನ್ನು ವಿದ್ಯುತ್ತಾಗಿ ಬದಲಿಸುವ 'ಡ್ಯಾಕ್' ಕಳಪೆಯಾದರೆ ಗೊರಗೊರ ಸದ್ದು ಬರಬಹುದು. ಒಳ್ಳೆಯ ಡ್ಯಾಕ್ ಕೆಲವೇ ಸಾವಿರಕ್ಕೆ ಸಿಗುತ್ತದೆ.

ಇಷ್ಟು ಹೇಳಿದರೆ ಕೊನೆಯ ಅಸ್ತ್ರ ಹೊರಬರುತ್ತದೆ: 'ನಿಮಗೆ ಅಂಥ ಕಿವಿ ಇಲ್ಲ.' ಕುಕ್ಕರು ಎಷ್ಟು ಸಲ ಕೂಗಿತೆಂದು ಪಕ್ಕದ ಕೋಣೆಯಿಂದ ಎಣಿಸುವವರು ಯಾರು? ನಿದ್ದೆಯಲ್ಲೂ ಮಗುವಿನ ಕೆಮ್ಮು ಕೇಳಿ ಏಳುವವರು ಯಾರು? ಊರೂರಿನಲ್ಲಿ ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂತವರಲ್ಲಿ ಹೆಣ್ಣುಮಕ್ಕಳೆಷ್ಟು! ಅವರಿಗಿಲ್ಲದ ಕಿವಿ, ಬೆಲೆಪಟ್ಟಿ ಓದಿದ ಕೂಡಲೆ ಯಜಮಾನರಿಗೆ ಬಂದುಬಿಡುತ್ತದೆಯೆ?

ಕಿವಿಯನ್ನೂ ಪರೀಕ್ಷಿಸಿದ್ದಾರೆ. ಸಿ.ಡಿ.ಗಿಂತ ಹೆಚ್ಚಿನ ದರ್ಜೆಯ ಧ್ವನಿಮುದ್ರಣವನ್ನೂ ಅದನ್ನೇ ಸಿ.ಡಿ. ಮಟ್ಟಕ್ಕೆ ಇಳಿಸಿದ್ದನ್ನೂ ಹೆಸರು ಹೇಳದೆ ಕೇಳಿಸಿ, ಅಮೆರಿಕದ ಮೇಯರ್ ಮತ್ತು ಮೊರಾನ್ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. 554 ಸಲ ಕೇಳಿಸಿದ್ದರಲ್ಲಿ ಸರಿ ಉತ್ತರ 276. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿ ಉತ್ತರ ನೂರಕ್ಕೆ ಸುಮಾರು 52 ಆಯಿತು. ತರಬೇತಿ ಪಡೆದವರದು ಅದಕ್ಕಿಂತ ಹೆಚ್ಚು. ಎಂದರೆ, ಅಂಕಿಗಳೇ ಬೇರೆಯಾದಾಗಲೂ ವ್ಯತ್ಯಾಸ ಇಷ್ಟು ಸಣ್ಣದು. ಇನ್ನು ಅಂಕಿ ಅದೇ ಇದ್ದು ಪೆಟ್ಟಿಗೆ ಮಾತ್ರ ಬದಲಾದರೆ ಏನು ಕೇಳಿಸೀತು?

ನಿಮ್ಮ ಮನೆಯಲ್ಲೂ ಪರೀಕ್ಷೆ ಮಾಡಿ. ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆಗೆ ಹೆಸರು ನೋಡಿ ಅಂಕ ಹಾಕುತ್ತೇವೆಯೆ? ಯಜಮಾನರನ್ನು ಬೆನ್ನು ತಿರುಗಿಸಿ ಕೂರಿಸಿ. ಧ್ವನಿಯ ಮಟ್ಟ ಎರಡಕ್ಕೂ ಒಂದೇ ಇರಲಿ, ಏಕೆಂದರೆ ತುಸು ಜೋರಾದದ್ದೇ ಚೆನ್ನಾಗಿ ಕೇಳುವುದು ಕಿವಿಯ ಸ್ವಭಾವ. ಒಮ್ಮೆ ಪೆಟ್ಟಿಗೆ, ಒಮ್ಮೆ ಫೋನು, ಅದೇ ಡ್ಯಾಕಿಗೆ ಜೋಡಿಸಿ ಹತ್ತು ಸಲ ಕೇಳಿಸಿ. ಹತ್ತಕ್ಕೆ ಒಂಬತ್ತು ಸರಿಯಾದರೆ ಚೀಟಿ ಎತ್ತಲಿ.

ಖರ್ಚು ಮಾಡಲೇಬೇಕೆಂದಿದ್ದರೆ ಸ್ಪೀಕರಿಗೆ ಮಾಡಲಿ. ಕಿವಿಗೆ ಬೀಳುವ ಗಾಳಿಯನ್ನು ಅಲುಗಿಸುವುದು ಅದು. ಆಮೇಲೆ ಕೋಣೆಯನ್ನು ನೋಡಲಿ. ಈಗಿನ ನಮ್ಮ ಮನೆಗಳೆಂದರೆ ಆರ್.ಸಿ.ಸಿ. ಸೂರು, ಹೊಳೆಯುವ ಟೈಲ್ಸು, ಗಾಜಿನ ಶೋಕೇಸು. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರೆ ನಾಲ್ಕು ಗೋಡೆಯೂ ಮರಳಿ ತಟ್ಟುತ್ತವೆ. ಅಂಥಲ್ಲಿ ಯಾವ ಪೆಟ್ಟಿಗೆ ಇಟ್ಟರೂ ಸಾಹಿತ್ಯ ಸ್ಪಷ್ಟವಾಗುವುದಿಲ್ಲ. ನೆಲಕ್ಕೆ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಬಿಡಿ. ಶೋಕೇಸಿನೊಳಗೆ ಬಂದಿಯಾಗಿರುವ ಸ್ಪೀಕರನ್ನು ಹೊರತೆಗೆದು ಮೂಲೆಯಿಂದ ದೂರ, ಕಿವಿಯ ಎತ್ತರಕ್ಕೆ ಇಡಿ. ಅಂಗೈ ಹುಣ್ಣಿಗೆ ಕನ್ನಡಿ ಬೇಡ. ವ್ಯತ್ಯಾಸ ಆ ಸಂಜೆಯೇ ತಿಳಿಯುತ್ತದೆ.

ಇದೆಲ್ಲಕ್ಕಿಂತ ದೊಡ್ಡ ಮಾತೊಂದಿದೆ. ನಮ್ಮ ಕೈವಾರದಲ್ಲಿ ಗುರುಪೂರ್ಣಿಮೆಯ ಸಂಗೀತೋತ್ಸವಕ್ಕೆ ಹೋಗಿ ನೋಡಿ. ತಾತಯ್ಯನವರ ತೆಲುಗು, ಕನ್ನಡ ಪದಗಳನ್ನು ಹೆಂಗಸರು ನೆಲದ ಮೇಲೆ ಕೂತು ಗಂಟೆಗಟ್ಟಲೆ ಕೇಳುತ್ತಾರೆ. ಅಲ್ಲಿರುವುದು ಸಾಧಾರಣ ಮೈಕು. ಆದರೂ ಹಾಡು ಎದೆಗೆ ಇಳಿಯುತ್ತದೆ, ಏಕೆಂದರೆ ಅಷ್ಟು ಹೊತ್ತು ಯಾರೂ ಅವರನ್ನು ಕಾಫಿಗೆಂದು ಕೂಗುವುದಿಲ್ಲ. ಮನೆಯಲ್ಲಿ ಆ ಹೊತ್ತು ನಮಗೆಲ್ಲಿದೆ? ಯಜಮಾನರು ಸೋಫಾದಲ್ಲಿ ಕೂತು ಗಾಯಕಿಯ ಉಸಿರು ಹುಡುಕುವಾಗ ಒಳಗೆ ಮಿಕ್ಸಿ ತಿರುಗುತ್ತಿರುತ್ತದೆ, 'ಸ್ವಲ್ಪ ನಿಲ್ಲಿಸೇ' ಎಂಬ ಅಪ್ಪಣೆಯೂ ಬರುತ್ತದೆ. ಮನೆಗೆ ಒಳ್ಳೆಯ ಧ್ವನಿ ಬರಬೇಕಾದರೆ ದಿನಕ್ಕೆ ಅರ್ಧ ಗಂಟೆ ಆ ಮಿಕ್ಸಿ ನಿಜವಾಗಿಯೂ ನಿಲ್ಲಬೇಕು. ತಿರುಗಿಸುತ್ತಿದ್ದವಳೂ ಬಂದು ಹಾಡಿನ ಮುಂದೆ ಕೂರಬೇಕು. ಅದಕ್ಕೆ ಖರ್ಚಿಲ್ಲ. ರಾತ್ರಿಯ ಚಟ್ನಿಯನ್ನು ಯಾರಾದರೊಬ್ಬರು ಬೇಡವೆನ್ನಬೇಕು, ಇಲ್ಲವೆ ತಾವೇ ಎದ್ದು ರುಬ್ಬಬೇಕು, ಅಷ್ಟೆ.