ಒಡ್ಡಿನ ಬಾರಿಕಂಟಿಗೂ ಜಾಗ ಇರಲಿ

ಮೈಸೂರು ಕಡೆಯವರು ಯಲಚಿ, ಬೋರೆ ಅಂತೀರಿ. ನಮ್ಮ ಬೀಳಗಿ ಕಡೆ ಅದು ಬಾರಿಹಣ್ಣು. ಪ್ಯಾಟಿಯಲ್ಲಿ ಸಿಗುವ ದಪ್ಪ ದಪ್ಪ ಆಪಲ್ ಬೋರ್ ಅಲ್ಲ ಮತ್ತೆ! ಹೊಲದ ಒಡ್ಡಿನ ಮೇಲೆ, ಗುಡ್ಡದ ಕಲ್ಲುಸಂದಿಯಲ್ಲಿ ತಾನಾಗಿ ಹುಟ್ಟುವ ಗಿಡ್ಡ ಮುಳ್ಳುಕಂಟಿಯದು. ಹುಳಿ, ಒಗರು, ಸಿಹಿ ಮೂರೂ ಒಂದೇ ಸಣ್ಣ ಹಣ್ಣಿನಲ್ಲಿ.

ರಾಜಸ್ಥಾನದ ಮರುಭೂಮಿಯಲ್ಲೂ ಈ ಕಂಟಿ ಇದೆ. ಅಲ್ಲಿನ ರೈತರು ಇದನ್ನು ಕಡಿದು, ಒಣಗಿಸಿ, ಎಲೆ ಬಡಿದು 'ಪಾಲಾ' ಎಂಬ ಮೇವು ಮಾಡಿ ಕೂಡಿಡುತ್ತಾರೆ. ಬರಗಾಲದಲ್ಲಿ ಆಡು, ಕುರಿ, ಒಂಟೆಗಳಿಗೆ ಅದೇ ಆಧಾರ.

ನಮ್ಮಲ್ಲೇನು ಕಮ್ಮಿ ಉಪಯೋಗವೇ? ಸಂಕ್ರಾಂತಿಗೆ ಸಣ್ಣ ಮಕ್ಕಳ ತಲೆ ಮೇಲೆ ಸುರಿಯಲು ಚುರಮುರಿ, ಕಬ್ಬಿನ ತುಂಡಿನ ಜೊತೆ ಬಾರಿಹಣ್ಣು ಬೇಕೇ ಬೇಕು. ಉಪ್ಪು, ಖಾರ, ಬೆಲ್ಲ ಹಾಕಿ ಕುಟ್ಟಿದರೆ ಬಾಯಲ್ಲಿ ನೀರು. ಆಯುರ್ವೇದದಲ್ಲಿ ಇದಕ್ಕೆ ಕರ್ಕಂಧು ಅನ್ನುತ್ತಾರೆ. ಎಲೆ ಅರೆದು ಕುರುವಿಗೆ ಹಚ್ಚುವುದು ಹಳೆಯ ಮನೆಮದ್ದು. ಕಡಿದ ಮುಳ್ಳು ಹೊಲಕ್ಕೆ ಬೇಲಿ.

ಆದರೆ ನೀರಾವರಿ ಬಂದು ಕಬ್ಬು ಹಬ್ಬಿದಲ್ಲಿ ಒಡ್ಡು ತೆಳ್ಳಗಾಯಿತು. ಜೇಸಿಬಿ ಬಂದರೆ ಮೊದಲು ಹೋಗುವುದೇ ಈ ಕಂಟಿ. ರೈತರನ್ನು ಬೈಯುವುದು ಸುಲಭ. ಬೇರು ಉಳಿದರೆ ಮತ್ತೆ ಚಿಗುರಿ ನೇಗಿಲಿಗೆ ಸಿಕ್ಕುತ್ತೆ, ಕಾಲಿಗೆ ಮುಳ್ಳು ನೆಡುತ್ತೆ. ಹೊಲದ ನಡುವೆ ಅದು ತೊಂದರೆ ಕೊಡುವುದು ನಿಜ. ಒಡ್ಡಿನ ಮೂಲೆಯಲ್ಲಿ ಇದ್ದರೆ ಏನು ತೊಂದರೆ?

2016ರಲ್ಲಿ ಬೀಳಗಿ, ಮುಧೋಳ ತಾಲೂಕುಗಳ ಯಡಹಳ್ಳಿ ಕಾಡನ್ನು ಚಿಂಕಾರ ವನ್ಯಜೀವಿಧಾಮ ಮಾಡಿದರು, ಸುಮಾರು 96 ಚದರ ಕಿಲೋಮೀಟರ್. ಸಂತೋಷ. ಕುರುಚಲು ಕಾಡಿಗೂ ಬೆಲೆಯಿದೆ ಅಂತ ಸರ್ಕಾರವೇ ಒಪ್ಪಿದ ಹಾಗಾಯ್ತು. ಆದರೆ ಚಿಗರಿಗೆ ಸಿಕ್ಕ ಕಂಟಿ ನಮ್ಮ ಮಕ್ಕಳಿಗೂ ಊರ ಹತ್ತಿರ ಸಿಗಬೇಕಲ್ಲವೇ?

ಇನ್ನೊಂದು ಮಾತು. ಆಲಮಟ್ಟಿ ಅಣೆಕಟ್ಟೆಯ ನೀರಿನ ಮಟ್ಟ 519.6 ಮೀಟರಿನಿಂದ 524.256ಕ್ಕೆ ಏರಿದರೆ ಇನ್ನಷ್ಟು ಹೊಲ ಮುಳುಗುತ್ತವೆ. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಎಕರೆ ನೀರಾವರಿ ಜಮೀನಿಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ದರಕ್ಕೆ ಒಪ್ಪಿಗೆ ಕೊಟ್ಟಿತು. ಹೊಲಕ್ಕೆ ದುಡ್ಡು ಬರಬಹುದು, ಒಡ್ಡಿನ ಬಾರಿಕಂಟಿ ಹೊತ್ತುಕೊಂಡು ಪುನರ್ವಸತಿ ಕೇಂದ್ರಕ್ಕೆ ಹೋಗೋಕಾಗಲ್ಲ. ಆದರೆ ಬೀಜ ಒಯ್ಯಬಹುದು! ಹೊಸ ಊರಿನ ಶಾಲೆಯ ಬೇಲಿಗುಂಟ, ದನ ಮೇಯುವ ಜಾಗದಲ್ಲಿ ನಾಲ್ಕು ಬೀಜ ಊರಿದರೆ ಸಾಕು. ಒಮ್ಮೆ ಬೇರು ಬಿಟ್ಟರೆ ಈ ಗಿಡ ಯಾರ ಹತ್ತಿರವೂ ನೀರು ಕೇಳುವುದಿಲ್ಲ.

ಸಾಲುಮರದ ಯೋಜನೆ ಎಷ್ಟೋ ಬಂದಿವೆ. ಸಾಲುಕಂಟಿಗೂ ಒಂದು ಬರಲಿ ಅಂತ ನನ್ನ ವಾದ :-) ನೀವೇನಂತೀರಿ? ನಿಮ್ಮೂರಲ್ಲಿ ಇದಕ್ಕೆ ಏನಂತಾರೆ, ಇನ್ನೂ ಉಳಿದಿದೆಯಾ, ಹೇಳಿ.