ಬೆಂಕಿಯೊಂದೇ ಸಾಲದು

ನರೋಣಾದ ಬೇಸಗೆಯಲ್ಲಿ ಮಣ್ಣಿನ ಕೊಡದ ನೀರು ತಣ್ಣಗಿರುವುದು ಕೊಡದ ಮೈಯಲ್ಲಿರುವ ಸೂಕ್ಷ್ಮ ರಂಧ್ರಗಳಿಂದ. ಅಂತಹ ರಂಧ್ರಗಳೇ ಮೋಟಾರು ಸೈಕಲ್ಲಿನ ಸ್ಪಾರ್ಕ್ ಪ್ಲಗ್ಗಿನ ಬಿಳಿಯ ಮೈಯಲ್ಲಿ ಉಳಿದರೆ, ಸಾವಿರಾರು ವೋಲ್ಟುಗಳ ವಿದ್ಯುತ್ತು ಅದನ್ನು ಭೇದಿಸೀತು. ಉರಿಯನ್ನು ಹೆಚ್ಚಿಸಿದರೆ ರಂಧ್ರಗಳು ತೊಲಗುವುವೆಂದು ನಂಬುವವರುಂಟು; ನಾವು ಇದನ್ನು ಒಪ್ಪುವುದಿಲ್ಲ.

ಆ ಬಿಳಿಯ ಮೈ ಬಹುಮಟ್ಟಿಗೆ ಅಲ್ಯೂಮಿನಾ ಪುಡಿಯದು. ರಬ್ಬರಿನ ಅಚ್ಚಿನಲ್ಲಿ ತುಂಬಿ ಸುತ್ತಲಿಂದಲೂ ಬಲವಾಗಿ ಒತ್ತಿದರೂ ಅದರಲ್ಲಿ ನೂರಕ್ಕೆ ಸುಮಾರು 40 ಪಾಲು ಬರಿಯ ಬಯಲು. ಬಳಿಕ ಸುಮಾರು 1600 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಡುವರು. ಅಲ್ಯೂಮಿನಾ ಕರಗಲು 2000 ಡಿಗ್ರಿಗೂ ಮೀರಿದ ಶಾಖ ಬೇಕು. ಆದರೂ ಕರಗದೆಯೇ, ಕಣಗಳು ತಾಗಿದೆಡೆಗೆ ಪರಮಾಣುಗಳು ಸರಿದು ಬಂದು ಅವುಗಳನ್ನು ಬೆಸೆಯುತ್ತವೆ. ರಂಧ್ರಗಳು ಮುಚ್ಚಿದಂತೆಲ್ಲ ವಸ್ತುವಿನ ಉದ್ದವು ನೂರಕ್ಕೆ 15ರಷ್ಟು ಕುಗ್ಗುವುದು. ಒಂದೆಡೆ ಸಡಿಲವಾಗಿ ಒತ್ತಿದ್ದರೆ ಅಲ್ಲಿ ಹೆಚ್ಚು ಕುಗ್ಗಿ ಸೊಟ್ಟಗಾಗುವುದು, ಇಲ್ಲವೆ ಬಿರಿಯುವುದು. ಉರಿ ಅತಿಯಾದರೆ ಕಣಗಳು ದೊಡ್ಡವಾಗಿ ಬೆಳೆದು, ರಂಧ್ರಗಳು ಅವುಗಳ ಒಳಗೇ ಸೆರೆಯಾಗುವುವು. ಹಸಿ ಮಡಕೆಯನ್ನು ಹಲಗೆಯಿಂದ ತಟ್ಟಿ ತಟ್ಟಿ ಸಮಗೊಳಿಸಿದ ಮೇಲೆಯೇ ಆವಿಗೆಗೆ ಇಡುವ ಕುಂಬಾರನಿಗೆ ಇದನ್ನು ಹೇಳಬೇಕಾಗಿಲ್ಲ!

ನಮ್ಮ ಶಾಲೆ ಕಾಲೇಜುಗಳಲ್ಲಿ ಇದನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಮಾಡಿ ನೋಡಿಸುವುದು ಲೇಸು. ಒಂದೇ ಜೇಡಿಮಣ್ಣಿನ ಪುಡಿಯಿಂದ ಬಿಗಿಯಾಗಿ ಒತ್ತಿದ ಬಿಲ್ಲೆಯೊಂದು, ಸಡಿಲವಾಗಿ ಒತ್ತಿದುದೊಂದು. ಎರಡನ್ನೂ ಒಂದೇ ಆವಿಗೆಯಲ್ಲಿ ಸುಟ್ಟು ತೂಗಿ, ನೀರಿನಲ್ಲಿ ನೆನೆಸಿ ಮತ್ತೆ ತೂಗಲಿ. ಯಾವುದು ಎಷ್ಟು ನೀರು ಕುಡಿಯಿತೆಂಬುದನ್ನು ತಕ್ಕಡಿಯೇ ತಿಳಿಸುವುದು.