ಫ್ಯಾಂಟಮ್‌ನ ಕಾಡು, ಕೋಟೆಯ ಕಾಡು
ಹುಣಸೂರಿನಲ್ಲಿ ನಾನು ಹುಡುಗನಾಗಿ ಬಾಡಿಗೆಗೆ ತರುತ್ತಿದ್ದ ಇಂದ್ರಜಾಲ ಕಾಮಿಕ್ಸ್‌ಗಳಲ್ಲಿ ಒಂದೋ ಮೊದಲ ಪುಟ ಇರುತ್ತಿರಲಿಲ್ಲ, ಇಲ್ಲವೇ ಕೊನೆಯದು. ಈಗ ಫ್ಯಾಂಟಮ್‌ನ ಆರಂಭದ ದಿನಪತ್ರಿಕೆ ಚಿತ್ರಪಟ್ಟಿಗಳ ಮರುಮುದ್ರಣ ಸಂಪುಟ ಕೈಯಲ್ಲಿದೆ. ಕಳೆದುಹೋದ ಆ ಪುಟಗಳನ್ನೇ ಯಾರೋ ಮನೆಗೆ ತಂದುಕೊಟ್ಟಂತಿದೆ. ಮೊದಲ ಪಟ್ಟಿ ಬಂದದ್ದು 1936ರ ಫೆಬ್ರುವರಿ 17ರಂದು. ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ, ಅಂದರೆ ಮುಖವಾಡದ ಈ ನಾಯಕ ಅವನಿಗಿಂತ ಎರಡು ವರ್ಷ ಹಿರಿಯ. ಕಥೆಗಾರ ಲೀ ಫಾಕ್ ಬರೆಯುತ್ತ ಬರೆಯುತ್ತಲೇ ಮನಸ್ಸು ಬದಲಿಸಿದ್ದು ಇಲ್ಲಿ ಕಣ್ಣಿಗೇ ಕಾಣುತ್ತದೆ: ಜಿಮ್ಮಿ ವೆಲ್ಸ್ ಎಂಬ ಸಿರಿವಂತ ಯುವಕನೇ ಫ್ಯಾಂಟಮ್ ಎಂದು ಹೇಳಹೊರಟ ಕಥೆ ನಡುದಾರಿಯಲ್ಲಿ ಅವನನ್ನು ಕೈಬಿಟ್ಟು, ಕಾಡಿನೊಳಗೆ, ನಾನೂರು ವರ್ಷಗಳ ವಂಶದ ಕಥೆಯೊಳಗೆ ಹೊಕ್ಕುಬಿಡುತ್ತದೆ. ಚಿತ್ರಕಾರ ರೇ ಮೂರ್ ಬರೆದ ದಟ್ಟ ನೆರಳುಗಳ ಮುಂದೆ ಮುಂದಿನ ಬಣ್ಣದ ಪುಟಗಳು ನನಗೆ ಸಪ್ಪೆ. 1964ರಲ್ಲಿ ಶುರುವಾದ ಇಂದ್ರಜಾಲ, ಫ್ಯಾಂಟಮ್‌ನ ನಾಡಾದ ಮೂಲದ ಬೆಂಗಾಲಿಯನ್ನು ಡೆಂಕಾಲಿ ಮಾಡಿತು. ನನಗೆ ಮಾತ್ರ ಅದು ಎಚ್.ಡಿ. ಕೋಟೆಯ ಕಾಡೇ. ಅವನು ವಾಸಿಸುವ ತಲೆಬುರುಡೆ ಗವಿ ಅಲ್ಲಿನ ಕಾಕನಕೋಟೆಯ ಆಸುಪಾಸಿನಲ್ಲಿದೆ ಎಂದೇ ನಂಬಿದ್ದೆ. ಇಂದು ಓದುವಾಗ ಒಂದು ಸಂಗತಿ ಚುಚ್ಚುತ್ತದೆ. ಆ ಕಥೆಗಳಲ್ಲಿ ಕಾಡಿನ ಜನ ಬಿಳಿಯನೊಬ್ಬನ ಕಾವಲಿಗೆ ಕಾದಿರುತ್ತಾರೆ. ಆದರೆ ಕೋಟೆಯ ಕಾಡಿನ ನಮ್ಮ ಜೇನುಕುರುಬರಿಗೆ ಹೆಜ್ಜೇನು, ಆನೆಯ ಜಾಡು, ಗೆಡ್ಡೆಗೆಣಸು ಎಲ್ಲವೂ ತಲೆಮಾರುಗಳಿಂದ ಗೊತ್ತು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾದಾಗ ಹಾಡಿ ಬಿಟ್ಟು ಹೊರಬಂದ ಅವರ ಊರು, ದೇವರು, ಗೋರಿಗಳೆಲ್ಲ ಕಾಡಿನೊಳಗೇ ಉಳಿದವು. ಅವರ ಮಕ್ಕಳೇ ಬರೆದು, ಅವರೇ ಚಿತ್ರ ಬಿಡಿಸಿದ ಒಂದು ಕಾಮಿಕ್ಸ್ ಕನ್ನಡದಲ್ಲಿ ಬಂದರೆ, ಮೊದಲ ಪ್ರತಿ ಕೊಳ್ಳಲು ನಾನು ಸಾಲಿನಲ್ಲಿ ನಿಲ್ಲುತ್ತೇನೆ.